ಏಕಾದಶಿಯ ರೊಟ್ಟಿ

“ಆ ಕುರ್ಚಿ ಮುರದದ್ರಿ. ಅದರ ಮ್ಯಾಲೆ ಕೂಡಬ್ಯಾಡ್ರಿ,” ಎಂದ ಶ್ರೀನಿವಾಸ.

ಅಡಿವೆವ್ವ ಕುರ್ಚಿಯ ಬೆನ್ನು ಹಿಡಿದು ಅಲ್ಲಾಡಿಸಿ ನೋಡಿದಳು. ಹಳೆಯ ತೇಗದ ಕುರ್ಚಿ. ನಾಲ್ಕೂ ಕಾಲು ಗಟ್ಟಿಯಾಗಿದ್ದವು. ಸೆರಗು ಸರಿಮಾಡಿಕೊಂಡು ಕೂತೇಬಿಟ್ಟಳು.

“ಮುರದ್ರ ನಾನ ಬೀಳ್ತೇನಿ ಬಿಡ್ರಿ. ನಿಮಗ್ಯಾಕ ತ್ರಾಸು?”

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ವಕೀಲಳಾದವಳು ಎದುರಾಳಿಯ ಪಡಸಾಲೆಯಲ್ಲಿ ನಗಬಾರದು.

ಸವಣೂರಿನ ಆ ಮನೆ ನನಗೆ ಹೊಸದಲ್ಲ. ನಮ್ಮ ಮನೆತನವೂ ಅವರ ಮನೆತನವೂ ಒಂದೇ ಮಠದ ಶಿಷ್ಯರು. ಶ್ರೀನಿವಾಸನ ಅಜ್ಜ ಅದೇ ಪಡಸಾಲೆಯಲ್ಲಿ ಕೂತು ಪಾಠ ಹೇಳುತ್ತಿದ್ದರು. ಗೋಪಿಕಾಬಾಯಿಯಾದ ನಾನು ಕೂತರೆ ಮುರಿಯದ ಕುರ್ಚಿ ದುಂಡಸಿಯ ಹೊರಕೇರಿಯ ಅಡಿವೆವ್ವ ಕೂತರೆ ಮುರಿಯುತ್ತದೆ. ಮೂವತ್ತಾರು ವರ್ಷದ ಬ್ಯಾಂಕ್ ಅಧಿಕಾರಿ ಇವನು. ಮನಸ್ಸಿನಲ್ಲಿದ್ದದ್ದನ್ನು ಎದುರಿಗೆ ಹೇಳುವ ಧೈರ್ಯವಿಲ್ಲ, ಬಿಡುವ ಧೈರ್ಯವೂ ಇಲ್ಲ. ಇಂಥ ಸಭ್ಯತೆ ಕಂಡರೆ ನನ್ನ ಮೈ ಉರಿಯುತ್ತದೆ.

ಅಂದು ಶನಿವಾರ. ಸೋಮವಾರ ಹಾನಗಲ್ಲಿನ ಕೋರ್ಟಿನಲ್ಲಿ ‘ಏಳಂಗಿಲ್ಲ’ ಎಂಬ ಹಾಡು ಅಡಿವೆವ್ವನದೋ ಶ್ರೀನಿವಾಸನದೋ ಎಂದು ತೀರ್ಮಾನವಾಗುವುದಿತ್ತು. ಅಲ್ಲಿಯವರೆಗೆ ಅವಳು ಅದನ್ನು ಜನರ ಮುಂದೆ ಹಾಡಕೂಡದೆಂದು ತಡೆಯಾಜ್ಞೆ ಇತ್ತು. ಸೋತರೆ, ಸಾಯುವ ತನಕ ಹಾಡುವಂತಿಲ್ಲ.

ಆ ಹಾಡು ಹುಟ್ಟಿದ್ದು ಬಸ್ಸಿನಲ್ಲಿ.

1974ರ ಜೂನ್ ತಿಂಗಳ ಕೊನೆಯ ಶನಿವಾರ. ದುಂಡಸಿಯಿಂದ ಶಿಗ್ಗಾಂವಿಗೆ ಹೊರಟ ಬಸ್ಸಿನ ಮುಂದಿನ ಸೀಟಿನಲ್ಲಿ ಹತ್ತೊಂಬತ್ತು ವರ್ಷದ ಅಡಿವೆವ್ವ ಕೂತಿದ್ದಳು. ಊರಿನ ದೊಡ್ಡ ಮನುಷ್ಯರೊಬ್ಬರು ಹತ್ತಿ, ಏಳು ಅಂದರು. ಅವಳು ಏಳಲಿಲ್ಲ. ಕಂಡಕ್ಟರ್ ಹೇಳಿದ, ಡ್ರೈವರ್ ಬಂದು ಗದರಿಸಿದ. ಮುಕ್ಕಾಲು ತಾಸು ಬಸ್ಸು ನಿಂತಲ್ಲೇ ನಿಂತಿತ್ತು. ಕೊನೆಗೆ ದೊಡ್ಡ ಮನುಷ್ಯರೇ ಇಳಿದು ನಡೆದರು.

ಹಿಂದಿನ ಸೀಟಿನಲ್ಲಿದ್ದ ಒಬ್ಬನಿಗೆ ಅವತ್ತು ಕುಣಿಯುವಷ್ಟು ಖುಷಿಯಾಗಿತ್ತು. ಅವನೇ ಸವಣೂರಿನ ರೇಡಿಯೋ ರಿಪೇರಿಯ ಖಲಂದರ. ಹಳೆಯ ಗಿಟಾರೊಂದಕ್ಕೆ ಟೆಲಿಫೋನಿನ ಅಯಸ್ಕಾಂತ ಕೂರಿಸಿ, ಅದರ ತಂತಿಯನ್ನು ವಾಲ್ವ್ ರೇಡಿಯೋಗೆ ಸೇರಿಸಿ, ದೂರದ ಸ್ಟೇಷನ್ನುಗಳಲ್ಲಿ ಕೇಳಿದ ಇಂಗ್ಲಿಷ್ ರಾಕ್ ಹಾಡುಗಳನ್ನು ನುಡಿಸುವ ಹುಚ್ಚು ಅವನಿಗೆ. ಆ ರೇಡಿಯೋದ ಸ್ಪೀಕರನ್ನು ಇಲಿ ಕಡಿದಿತ್ತು. ನುಡಿಸಿದರೆ ತಗಡು ಹರಿದ ಸದ್ದು. ಹೊಸ ಸ್ಪೀಕರ್ ಹಾಕೋ ಅಂದವರಿಗೆಲ್ಲ ಅವನದು ಒಂದೇ ಉತ್ತರ: “ಸಿಟ್ಟಿನ ಹಾಡಿಗೆ ಚಲೋ ದನಿ ಯಾಕ ಬೇಕ್ರಿ?”

ಅಡಿವೆವ್ವ ಹಾಡಿದಳು. ಅವಳ ಅಣ್ಣ ಮೈಲಾರಪ್ಪ ಹಲಗೆ ಬಾರಿಸಿದ. ಖಲಂದರ ಗಿಟಾರು. ಸೋದರಮಾವನ ಟೇಪ್ ರಿಕಾರ್ಡರ್ ತಂದವನು ಶ್ರೀನಿವಾಸ. ಹಾನಗಲ್ಲಿನ ಅಕ್ಕಿ ಗಿರಣಿಗೆ ರಜೆ ಇದ್ದ ದಿನ, ಅದರ ಗೋದಾಮಿನಲ್ಲಿ ಭತ್ತದ ಚೀಲಗಳ ನಡುವೆ ನಾಲ್ವರೂ ಮೂರು ತಾಸು ಕೂತು ಆ ಹಾಡನ್ನು ಟೇಪಿಗೆ ಇಳಿಸಿದರು.

*ಟಿಕೀಟ ನಂದೈತಿ, ಸೀಟ ನಂದೈತಿ, ಏಳಂಗಿಲ್ಲ.
ಊರ ನಿಂದಿರಲಿ, ಕೇರಿ ನಿಂದಿರಲಿ, ಏಳಂಗಿಲ್ಲ.*

ಟೇಪಿನಿಂದ ಟೇಪಿಗೆ ಹತ್ತಿ ಹಾಡು ಊರೂರು ತಿರುಗಿತು. ಹಂಸಭಾವಿಯ ಹೆಂಗಸರು ನಳದ ನೀರಿಗಾಗಿ ರಸ್ತೆಯಲ್ಲಿ ಕೂತು ಅದನ್ನು ಹಾಡಿದರು. ಹಿರೇಕೆರೂರಿನಲ್ಲಿ ಕಾಲೇಜಿನ ಹುಡುಗಿಯರು ಹಾಸ್ಟೆಲಿನ ಬಾಗಿಲಿಗೆ ಅಡ್ಡ ಕೂತು ಹಾಡಿದರು. ವಾರ್ಡನ್ ಸಹ ಕೊನೆಗೆ ಪಲ್ಲವಿ ಕಲಿತಿದ್ದಳಂತೆ. ಹನ್ನೆರಡು ವರ್ಷ ಯಾರೂ ಇದು ಯಾರ ಹಾಡು ಅಂತ ಕೇಳಲಿಲ್ಲ.

ಈ ವರ್ಷ ಹುಬ್ಬಳ್ಳಿಯ ‘ಗುಡುಗು ಕ್ಯಾಸೆಟ್ಸ್’ ಅದನ್ನು ಮತ್ತೊಬ್ಬ ಗಾಯಕಿಯಿಂದ ಹಾಡಿಸಿ ಅಂಗಡಿಗೆ ಬಿಟ್ಟಿತು. ಮೇಲೆ ಅಚ್ಚಾದದ್ದು: ಸಾಹಿತ್ಯ, ಸಂಗೀತ – ಶ್ರೀನಿವಾಸ. ಅಡಿವೆವ್ವ ಕೇಳಲು ಹೋದಾಗ ಅವಳ ಕೈಗೆ ಸಿಕ್ಕಿದ್ದು ತಡೆಯಾಜ್ಞೆ. ಅವಳ ಟ್ರಂಕಿನಲ್ಲಿದ್ದ ಮೂಲ ಟೇಪು ಅಷ್ಟರಲ್ಲಿ ಮಾಯವಾಗಿತ್ತು.

ಆ ಬೆಳಿಗ್ಗೆ ಕಂಪನಿಯ ವಕೀಲರು ನನಗೆ ಇನ್ನೊಂದು ಕಾಗದ ಕಳಿಸಿದ್ದರು. ಶ್ರೀನಿವಾಸನ 1974ರ ಡೈರಿಯ ಒಂದು ಪುಟದ ನಕಲು. ಹಾಡು ತನ್ನ ಮನೆಯಲ್ಲಿ ಹೇಗೆ ಹುಟ್ಟಿತು ಅಂತ ಅವನೇ ಅವತ್ತೇ ಬರೆದಿಟ್ಟದ್ದಂತೆ. ಅದು ನಿಂತರೆ ನಮ್ಮ ಕೇಸು ಬಿತ್ತು.

ಓದಿದವಳೇ ನಾನು ಅಟ್ಟ ಹತ್ತಿ ಅಪ್ಪನ ಪೆಟ್ಟಿಗೆ ತೆಗೆದೆ. ಅರ್ಧ ತಾಸು ಧೂಳು ತಿಂದು, ಬೇಕಾದದ್ದನ್ನು ಚೀಲಕ್ಕೆ ಹಾಕಿಕೊಂಡು, ಅಡಿವೆವ್ವನನ್ನು ಬಸ್ ಸ್ಟ್ಯಾಂಡಿನಿಂದಲೇ ಇಲ್ಲಿಗೆ ಕರೆತಂದಿದ್ದೆ.

“ಶ್ರೀನಿವಾಸ, ನಿನ್ನ ಡೈರಿ ಓದ್ತೇನಿ. ತಪ್ಪಿದ್ರ ಹೇಳು.”

“ಓದು ಗೋಪಕ್ಕ. ಅದರಾಗ ಮುಚ್ಚಿಡೂದೇನದ?”

ನಾನು ಓದಿದೆ.

“‘ಜೂನ್ ಮೂವತ್ತು, ರವಿವಾರ. ಬೆಳಿಗ್ಗೆ ಅಮ್ಮ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆರು ಬಡಿತ, ಆಮೇಲೆ ಒಂದು ತಡೆ. ಬಲಭುಜ ನೋಯುತ್ತಿದ್ದುದರಿಂದ ಆರಕ್ಕೊಮ್ಮೆ ಕೈ ಎತ್ತಿ ಹಿಡಿಯುತ್ತಿದ್ದಳು. ಆ ತಡೆಯಲ್ಲಿ ನನಗೆ ಹಾಡು ಸಿಕ್ಕಿತು. ಖಾಲಿ ಜಾಗದಲ್ಲಿ ಏಳಂಗಿಲ್ಲ ಎಂಬ ಮಾತು ತಾನಾಗಿ ಬಂದು ಕೂತಿತು.’”

ಅಡಿವೆವ್ವ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಏನೋ ಹೇಳಲು ಬಾಯಿ ತೆರೆದಳು. ಕಣ್ಣಿನಲ್ಲೇ ತಡೆ ಅಂದೆ.

ಆ ಹಾಡು ಕೇಳಿದವರಿಗೆಲ್ಲ ಆ ತಡೆ ಗೊತ್ತು. ಆರು ಏಟು ಬೀಳುತ್ತವೆ, ಆಮೇಲೆ ಹಲಗೆ ಸುಮ್ಮನಾಗುತ್ತದೆ, ಆ ಸುಮ್ಮನಿದ್ದ ಜಾಗದಲ್ಲಿ ಅಡಿವೆವ್ವನ ಒಂಟಿ ದನಿ ‘ಏಳಂಗಿಲ್ಲ’ ಅನ್ನುತ್ತದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಗುಡುಗು ಕಂಪನಿಯವರು ತಮ್ಮ ಕ್ಯಾಸೆಟ್ಟಿನಲ್ಲಿ ಆ ಜಾಗಕ್ಕೂ ಡ್ರಮ್ ಬಡಿಸಿದ್ದಾರೆ. ಅದೊಂದೇ ಕಾರಣಕ್ಕೆ ಅವರನ್ನು ಒಳಗೆ ಹಾಕಬೇಕು, ನನ್ನನ್ನು ಕೇಳಿದರೆ.

“ಪದ್ಮಾಬಾಯಿ ಕಾಕೂ, ಸ್ವಲ್ಪ ಹೊರಗ ಬರ್ತೀರೇನು?” ನಾನು ಅಡಿಗೆಮನೆಯತ್ತ ಕೂಗಿದೆ.

ಶ್ರೀನಿವಾಸ ಎದ್ದು ನಿಂತ. “ಅವ್ವ ಮಡೀಲಿದ್ದಾಳ. ಆಕಿನ್ನ ಯಾಕ ಇದರಾಗ ಎಳೀಲಿಕ್ಕೆ ಹತ್ತೀದಿ?”

“ಎಳದವ ನೀನು. ಡೈರಿಯೊಳಗ ಬರದೀಯಲ್ಲ?”

ಅಡಿಗೆಮನೆಯ ಹೊಸ್ತಿಲ ಮೇಲೆ ಪದ್ಮಾಬಾಯಿ ಬಂದು ನಿಂತರು. ಶ್ರೀನಿವಾಸನ ತಾಯಿ. ಅರವತ್ತೈದು ದಾಟಿದೆ, ನೂಲು ಹಿಡಿದ ಹಾಗೆ ನೆಟ್ಟಗಿನ ಮೈ. ಒದ್ದೆ ಮಡಿ ಸೀರೆ.

“ಗೋಪಿಕಾ ಏನು? ಅಲ್ಲೇ ನಿಂತು ಮಾತಾಡವಾ, ಮುಟ್ಟಿಗಿಟ್ಟಿ ಮತ್ತ.”

ಕುರ್ಚಿಯಲ್ಲಿದ್ದ ಅಡಿವೆವ್ವನನ್ನು ಮೇಲಿಂದ ಕೆಳಗೆ ನೋಡಿದರು. ತುಟಿ ಬಿಗಿಯಾಯಿತು. ಆದರೆ ಏನೂ ಅನ್ನಲಿಲ್ಲ.

“ಕಾಕೂ, ನಿಮ್ಮ ಬಲಭುಜ ಹೆಂಗದ?”

“ಭುಜಕ್ಕೇನಾಗೇದ? ನಿನ್ನೆನೂ ಭಾವಿಂದ ಎಂಟು ಕೊಡ ನೀರು ಸೇದೀನಿ.” ಎರಡೂ ಕೈ ಮೇಲೆತ್ತಿ ತೋರಿಸಿದರು.

“ಹನ್ನೆರಡು ವರ್ಷದ ಹಿಂದ ನೋವಿತ್ತೇನು?”

“ಹಲ್ಲು ನೋವು ಬಂದದ, ಮೊಣಕಾಲು ನೋವು ಬಂದದ. ಭುಜ ಎಂದೂ ಇಲ್ಲ. ಯಾಕ? ಡಾಕ್ಟರಕಿ ಶುರು ಮಾಡೀದೇನು?”

ನಾನು ಚೀಲದಿಂದ ಅಪ್ಪನ ಹಳೆಯ ಪಂಚಾಂಗ ತೆಗೆದೆ. ಅಪ್ಪ ಯಾವ ವರ್ಷದ ಪಂಚಾಂಗವನ್ನೂ ರದ್ದಿಗೆ ಹಾಕಿದವರಲ್ಲ. ಅವರು ಇದ್ದಾಗ ಇದಕ್ಕಾಗಿ ನಾನು ಜಗಳಾಡಿದ್ದೇನೆ; ಈಗ ಕೈಮುಗಿಯಬೇಕು ಅನ್ನಿಸಿತು. ಪುಟ ತೆರೆದು, ಅವರಿಗೆ ತಾಗದಷ್ಟು ದೂರದಲ್ಲಿ ಹಿಡಿದೆ.

“1974, ಜೂನ್ ಮೂವತ್ತು, ರವಿವಾರ. ತಿಥಿ ಓದ್ರಿ.”

ಪದ್ಮಾಬಾಯಿ ಕಣ್ಣು ಕಿರಿದುಮಾಡಿದರು. “ಆಷಾಢ ಶುದ್ಧ ಏಕಾದಶಿ. ಪ್ರಥಮೈಕಾದಶಿ ಅಲ್ಲೇನ?”

“ಆ ದಿನ ಬೆಳಿಗ್ಗೆ ನೀವು ಒಲಿ ಮುಂದ ಕೂತು ರೊಟ್ಟಿ ಬಡೀಲಿಕ್ಕೆ ಹತ್ತಿದ್ರಂತ. ನಿಮ್ಮ ಮಗ ಕೋರ್ಟಿಗೆ ಬರದುಕೊಟ್ಟಾನ.”

ಪದ್ಮಾಬಾಯಿ ಪಂಚಾಂಗ ಬಿಟ್ಟು ಮಗನತ್ತ ತಿರುಗಿದರು.

“ಏಕಾದಶಿ ದಿನ?” ಪದ್ಮಾಬಾಯಿಯವರ ದನಿ ಏರಿತು. “ರೊಟ್ಟಿ? ಈ ಮನ್ಯಾಗ?”

“ಅವ್ವಾ, ನೀ ಒಳಗ ಹೋಗು...”

“ಬಾಯಿ ಮುಚ್ಚು! ಮದುವಿಯಾಗಿ ಬಂದು ನಾಲ್ವತ್ತೆಂಟು ವರ್ಷ ಆತು. ನೀ ಹೊಟ್ಟಿಯೊಳಗಿದ್ದಾಗ ಸೈತ ನಾ ಏಕಾದಶಿ ಬಿಟ್ಟಾಕಿ ಅಲ್ಲ. ಅವತ್ತು ಈ ಮನ್ಯಾಗ ಒಲಿನ ಹೊತ್ತಂಗಿಲ್ಲ, ರೊಟ್ಟಿ ಎಲ್ಲಿಂದ ಬಂತು? ಪ್ರಥಮೈಕಾದಶಿ ಮುಂಜಾನೆ ಎಲ್ಲಾರೂ ಮಠದಾಗ ಮುದ್ರಿ ಹಾಕಿಸ್ಕೊಳ್ಳಿಕ್ಕೆ ಸಾಲು ನಿಂತಿರ್ತೀವಿ. ನೀನೂ ನಿಂತಿದ್ದಿ. ಬಿಸಿ ಮುದ್ರಿ ತೋಳಿಗೆ ತಾಗಿದ್ರ ಹೋ ಅಂತ ಒದರತಿದ್ದಿ, ಇಪ್ಪತ್ತನಾಲ್ಕು ವರ್ಷದ ಕತ್ತಿ!”

ಶ್ರೀನಿವಾಸ ತಲೆ ತಗ್ಗಿಸಿದ. ಅವನು ಹೇಳಿದ ಸುಳ್ಳು ಅವ್ವನಿಗೆ ದೊಡ್ಡದಾಗಿ ಕಾಣಲಿಲ್ಲ. ಆ ಸುಳ್ಳಿನಲ್ಲಿ ಏಕಾದಶಿಯ ದಿನ ತನ್ನ ಕೈಯಿಂದ ರೊಟ್ಟಿ ತಟ್ಟಿಸಿದ್ದು ಮಾತ್ರ ಆಕೆಗೆ ಸಹಿಸಲಿಕ್ಕೆ ಆಗಲಿಲ್ಲ. ಇರಲಿ, ನನಗೆ ಬೇಕಾದದ್ದು ಅಷ್ಟೇ. ಅಡಿವೆವ್ವ ಕೂತ ಕುರ್ಚಿಯನ್ನು ನೀರು ಹಾಕಿ ತೊಳೆಯುವ ಅದೇ ಮಡಿ ಇವತ್ತು ಅವಳ ಪರವಾಗಿ ಸಾಕ್ಷಿ ಹೇಳಿತ್ತು.

“ಸೋಮವಾರ ಕೋರ್ಟಿನ್ಯಾಗ ಇದನ್ನ ಹೇಳ್ತೀರಿ ಕಾಕು?”

“ಕೋರ್ಟಿನ್ಯಾಗ ಯಾಕ, ಕಟ್ಟಿ ಮ್ಯಾಲೆ ನಿಂತು ಹೇಳ್ತೇನಿ.”

ಆಗ ಅಡಿವೆವ್ವ ಮೆಲ್ಲಗೆ ಮಾತಾಡಿದಳು. “ಬಾಯಾರ, ತಾರೀಖು ಖರೇನ ಐತ್ರಿ. ಮನಿ ಸುಳ್ಳು.”

ನಾವೆಲ್ಲ ಅವಳತ್ತ ತಿರುಗಿದೆವು.

“ಶನಿವಾರ ಬಸ್ಸಿನ್ಯಾಗ ಗದ್ದಲ ಆತು. ಮರುದಿನ ರವಿವಾರ ಮುಂಜಾನಿ ನಮ್ಮವ್ವ ರೊಟ್ಟಿ ಬಡ್ಯಾಕತ್ತಿದ್ಲು. ಮುದಕವ್ವ ಅಂತ ಆಕಿ ಹೆಸರು. ಬಲಭುಜ ನೋಯತಿದ್ದದ್ದು ಆಕೀದು. ಆರಕ್ಕೊಮ್ಮೆ ಕೈ ಎತ್ತಾಕಿನೂ ಆಕೀನ. ಅದನ್ನ ಕೇಳಿಕೋತ ಕುಂತಾಗ ಹಾಡ ನನ್ನ ಬಾಯಿಗೆ ಬಂತು.”

“ಇದನ್ನ ಖಲಂದರನ ಮುಂದ ಹೇಳಿದ್ದೇನು?”

“ತಾಳ ಹೇಳಿದ್ದೆ. ಭುಜದ ಮಾತು ಯಾರ ಮುಂದೂ ಹೇಳಿಲ್ಲರಿ. ಭುಜ ನೋಯತೈತಿ ಅಂತ ಗೊತ್ತಾದ್ರ ಯಾರೂ ಕೂಲಿಗೆ ಕರ್ಯಂಗಿಲ್ಲ, ಅದಕ್ಕ ಬಾಯಿ ಬಿಡಬ್ಯಾಡ್ರಿ ಅಂತ ಅವ್ವ ಆಣಿ ಹಾಕಿಸಿದ್ಲು. ಸಾಯೂ ತನಕ ಯಾರಿಗೂ ಹೇಳಲಿಲ್ಲ ಆಕಿ.”

“ಅವತ್ತು ಒಲಿ ಮುಂದ ಯಾರ್ಯಾರು ಇದ್ರಿ?”

“ಮೂರ ಮಂದಿ. ರೊಟ್ಟಿ ಬಡ್ಯಾಕ ಅವ್ವ. ಉರಿ ಹಾಕಾಕ ನಾ. ಹಲಗಿ ಕಾಸಾಕ ಅಣ್ಣ.”

ಹಲಗೆ ಬಾರಿಸುವ ಮುಂಚೆ ಅದರ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡಬೇಕು. ಇಲ್ಲದಿದ್ದರೆ ಸದ್ದು ಏಳುವುದಿಲ್ಲ. ಮೈಲಾರಪ್ಪ ಒಲೆಯ ಮುಂದೆ ಕೂತಿದ್ದದ್ದು ಅದಕ್ಕಾಗಿ.

ಅವ್ವ ತೀರಿ ಆರು ವರ್ಷ. ಅಣ್ಣ 1978ರ ಮಳೆಗಾಲದಲ್ಲಿ ವರದಾ ಹೊಳೆಯ ಪಾಲಾಗಿದ್ದ. ಹೊಳೆಯ ದಂಡೆಯ ಮೇಲೆ ಅವನ ಅಂಗಿ ಸಿಕ್ಕಿತ್ತು, ಹಲಗೆ ಸಿಕ್ಕಿತ್ತು. ಹೆಣ ಸಿಗಲಿಲ್ಲ. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಹಾಗಾದರೆ ಭುಜದ ಮಾತು ಶ್ರೀನಿವಾಸನ ಡೈರಿಗೆ ಹೇಗೆ ಬಂತು?

ಪದ್ಮಾಬಾಯಿ ಹೊಸ್ತಿಲಿನಿಂದ ಅಲುಗಿರಲಿಲ್ಲ. “ಏನು ಹಾಡವಾ ಅದು? ಎಲ್ಲಿ, ಅನ್ನು ನೋಡೋಣ.”

“ಅವ್ವಾ, ಕೋರ್ಟಿನ ಆರ್ಡರ್ ಅದ, ಆಕಿ ಹಾಡೂ ಹಂಗಿಲ್ಲ!”

“ಜನರ ಮುಂದ ಹಾಡೂ ಹಂಗಿಲ್ಲ ಅಂತದ,” ಅಂದೆ ನಾನು. “ಇದು ನಿನ್ನ ಮನಿ. ಜಾತ್ರಿ ಮಾಡಬ್ಯಾಡ.”

ಅಡಿವೆವ್ವ ಕುರ್ಚಿಯ ಕೈಯ ಮೇಲೆ ಅಂಗೈಯಿಂದ ಆರು ಸಲ ಬಡಿದಳು. ಕೈ ಎತ್ತಿ ಹಿಡಿದಳು. ಎತ್ತಿದ ಕೈ ಹಾಗೇ ಇರುವಾಗ ಹಾಡಿದಳು. ಮೈಕಿಲ್ಲ, ಗಿಟಾರಿಲ್ಲ. ಆದರೂ ಆ ಹಳೆಯ ಪಡಸಾಲೆಯ ತೊಲೆಗಳವರೆಗೂ ದನಿ ಏರಿತು. ಮೂವತ್ತೊಂದು ವರ್ಷದ ಹೆಂಗಸು, ಆರು ತಿಂಗಳಿಂದ ಬಾಯಿ ಕಟ್ಟಿಸಿಕೊಂಡವಳು. ನನಗೆ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡುವುದಿಲ್ಲ.

ಪದ್ಮಾಬಾಯಿ ಎರಡು ಸಾಲು ಕೇಳಿ, ಮಗನ ಕಡೆ ನೋಡಿದರು.

“ಇದು ನಿಂದಂತೇನೋ?”

ಅಷ್ಟೇ ಕೇಳಿದರು. ಶ್ರೀನಿವಾಸ ಮಂಚದ ಅಂಚಿಗೆ ಕುಸಿದ.

“ಡೈರಿಯೊಳಗ ಬರದವ ನಾನ. ಆದ್ರ ಮಾತು ನನ್ನವಲ್ಲ. ಕಂಪನಿಯವರು ಒಂದು ಹಾಳಿ ಕಳಿಸಿದ್ರು. ಹಳೇ ಡೈರಿಯೊಳಗ ಇದನ್ನ ನಕಲು ಮಾಡ್ರಿ ಅಂದ್ರು. ತಾರೀಖು ಸೈತ ಅದರಾಗ ಇತ್ತು. ಅವತ್ತು ಏಕಾದಶಿ ಅಂತ ನಾ ಎಲ್ಲಿ ನೋಡಿದ್ದೆ?”

“ಯಾಕ ಮಾಡಿದ್ಯೋ?” ಅಂದೆ ನಾನು.

“ಟೇಪ್ ತಂದವ ನಾನು, ಗೋಪಕ್ಕ. ಮೈಕು ಹಿಡದವ ನಾನು. ಊರೆಲ್ಲಾ ಹಾಡ್ತದ, ನನ್ನ ಹೆಸರು ಯಾರ ಬಾಯಾಗೂ ಇಲ್ಲ. ಬ್ಯಾಂಕಿನ್ಯಾಗ 'ಸರ್' ಅಂತಾರ, ಅಷ್ಟ. ಜೀವನದಾಗ ಒಂದು ಚಲೋ ಕೆಲಸ ಮಾಡೀನಿ ಅಂದ್ರ ಅದು ಆ ಮೂರು ತಾಸು.”

ನನಗೆ ಅವನ ಮೇಲೆ ಬಂದ ಸಿಟ್ಟಿನಲ್ಲಿ ಸ್ವಲ್ಪ ಕರಗಿತು. ಅಡಿವೆವ್ವನದು ಕರಗಲಿಲ್ಲ.

“ಹೆಸರ ಕೇಳಿದ್ರ ಕೊಡತಿದ್ನೆಲ್ರಿ,” ಅಂದಳು. “ನಾಕ ಮಂದಿ ಹೆಸರೂ ಹಾಕಬಹುದಿತ್ತು. ನಿಮ್ಮದೂ ಇರತಿತ್ತು. ನನ್ನದ ಅಳಿಸಿ ನಿಮ್ಮದ ಬರ್ಯಾಕ ನಿಮಗ ಕೈ ಹೆಂಗ ಬಂತ್ರಿ?”

“ಆ ಹಾಳಿ ಎಲ್ಲೇದ?” ಅಂದೆ.

ಅವನು ಎದ್ದು ಹೋಗಿ ಗೋಡೆಯ ಕಪಾಟಿನಿಂದ ಮಡಚಿದ ಕಾಗದವೊಂದನ್ನು ತಂದ. ನನಗೆ ಕೊಡಲು ಬಂದ.

“ಆಕಿ ಕೈಯಾಗ ಕೊಡು,” ಎಂದರು ಪದ್ಮಾಬಾಯಿ. “ಆಕೀ ತಾಯಿ ರೊಟ್ಟಿ ಅದು. ಆಕಿ ಕೈಯಾಗ ಕೊಡು.”

ಶ್ರೀನಿವಾಸ ಕಾಗದವನ್ನು ಅಡಿವೆವ್ವನ ಕೈಗೆ ಕೊಟ್ಟ. ಮೇಲಿಂದ ಕೈಬಿಟ್ಟು ಕೊಡಲಿಲ್ಲ, ಕೈಯಲ್ಲೇ ಇಟ್ಟ.

ಅವಳು ಮಡಿಕೆ ಬಿಚ್ಚಿದಳು. ಓದಲು ಶುರುಮಾಡಿ, ಮೊದಲನೇ ಸಾಲಿಗೇ ನಿಂತಳು. ಬೆರಳಿನಿಂದ ಒಂದೊಂದು ಅಕ್ಷರವನ್ನೂ ಮುಟ್ಟಿದಳು. ಆಮೇಲೆ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂತಳು.

“ಯಾರ ಕೈಬರಹ?” ಅಂದೆ.

“ನಾ ಸಾಲಿ ಕಂಡಾಕಿ ಅಲ್ರಿ ಬಾಯಾರ. ನನಗ ಅಕ್ಷರ ಕಲಿಸಿದ್ದು ಈ ಕೈ. ನನ್ನ ಕೈ ಮ್ಯಾಲ ತನ್ನ ಕೈ ಇಟ್ಟು ತಿದ್ದಿಸಿತ್ತು.”

“ಮೈಲಾರಪ್ಪ?”

ಅವಳು ಹೌದೆಂದು ತಲೆಯಾಡಿಸಿದಳು.

ನಾನು ಕಾಗದ ತೆಗೆದುಕೊಂಡೆ. ಹಳೆಯ ಕಾಗದವಿರಬಹುದು, ಹಿಂದೆಂದೋ ಬರೆದದ್ದು ಹೇಗೋ ಕಂಪನಿಯ ಕೈಗೆ ಸಿಕ್ಕಿರಬಹುದು. ಹಾಗೆ ಇದ್ದರೆ ಸಾಕು ಅಂತ ನಾನೂ ಮನಸ್ಸಿನಲ್ಲಿ ಬೇಡಿಕೊಂಡೆ. ಆದರೆ ಹಾಳೆಯ ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ ಅಚ್ಚಾಗಿತ್ತು: ಗುಡುಗು ಕ್ಯಾಸೆಟ್ಸ್, ಹುಬ್ಬಳ್ಳಿ. ಸ್ಥಾಪನೆ: 1985.

ಎಂಟು ವರ್ಷದ ಹಿಂದೆ ಹೊಳೆಯ ಪಾಲಾದವನು ಹೋದ ವರ್ಷ ಹುಟ್ಟಿದ ಕಂಪನಿಯ ಹಾಳೆಯ ಮೇಲೆ ಬರೆದಿದ್ದ.

“ಮೈಲಾರಪ್ಪನ್ನ ನೀ ನೋಡಿದ್ಯೇನು?” ಶ್ರೀನಿವಾಸನನ್ನು ಹಿಡಿದು ಕೇಳಿದೆ.

“ದೇವರಾಣೆ ಇಲ್ಲ. ಟಪಾಲಿನ್ಯಾಗ ಬಂತು. ಅಂವ ಸತ್ತಾನ ಅಂತನ ನಾನೂ ತಿಳಕೊಂಡಿದ್ದೆ.” ಅವನ ಮುಖ ನನ್ನ ಮುಖಕ್ಕಿಂತ ಬಿಳಿಚಿತ್ತು. ಸುಳ್ಳು ಹೇಳುವಾಗ ಅವನು ಅಷ್ಟು ಹೆದರುವುದಿಲ್ಲ. ಕುರ್ಚಿಯ ವಿಷಯದಲ್ಲಿ ನೋಡಿದ್ದೆನಲ್ಲ.

ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು. ಬಜಾರಿನ ಒಂದು ಚಹಾದಂಗಡಿಯಲ್ಲಿ ಅದೇ ಕ್ಯಾಸೆಟ್ಟು ಹಾಡುತ್ತಿತ್ತು. ತಡೆ ಇರಬೇಕಾದ ಜಾಗದಲ್ಲಿ ಡ್ರಮ್ಮು. ಅಡಿವೆವ್ವ ತಿರುಗಿಯೂ ನೋಡಲಿಲ್ಲ. ಮಠದ ಓಣಿ ದಾಟಿದೆವು.

ನಾನು ಹೇಳಲೇಬೇಕಿತ್ತು. “ಈ ಹಾಳಿ ಕೋರ್ಟಿಗೆ ಕೊಟ್ರ ಹಾಡು ನಿಂದು. ಅದರಾಗ ಅನುಮಾನ ಇಲ್ಲ. ಆದ್ರ ಸುಳ್ಳು ಸಾಕ್ಷಿ ಹುಟ್ಟಿಸಿದವ ಯಾರು ಅಂತ ಕೇಳ್ತಾರ. ನಿಮ್ಮಣ್ಣ ಜೇಲಿಗೆ ಹೋಗಬಹುದು. ಹಾಳಿ ಕೊಡದ ಬರೇ ಏಕಾದಶಿ ಮ್ಯಾಲೆ ವಾದ ಮಾಡ್ತೇನಿ ಅಂದ್ರ, ಗೆಲ್ತೇನೋ ಇಲ್ಲೋ ಹೇಳಲಿಕ್ಕೆ ಆಗಂಗಿಲ್ಲ.”

ಅವಳು ರಸ್ತೆಯ ನಡುವೆ ನಿಂತಳು. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಬಾರಿಸಿ ಸುತ್ತುಹಾಕಿ ಹೋದ.

“ಎಂಟ ವರ್ಷ ಅತ್ತೇನ್ರಿ ಅವನ ಸಲುವಾಗಿ. ಹಾಡೇನು ಹಾಡು, ಅಣ್ಣ ತಿರುಗಿ ಬರತಾನಂದ್ರ ಹಾಡ ಒಗದು ಬಿಡತೇನಿ ಅಂತ ಇವತ್ತ ಮುಂಜಾನಿ ಕೇಳಿದ್ರೂ ಅಂತಿದ್ದೆ.”

“ಈಗ?”

“ಅಂವ ನನ್ನ ಹಾಡ ಅಷ್ಟ ಮಾರಿಲ್ರಿ. ಅವ್ವ ಕೂಲಿ ಹೋದೀತು ಅಂತ ಮುಚ್ಚಿಟ್ಟ ನೋವನ್ನೂ ಮಾರ್ಯಾನ.” ಅವಳ ದನಿ ಗಟ್ಟಿಯಾಯಿತು. “ಕೊಡ್ರಿ. ಕೋರ್ಟಿಗೆ ಕೊಡ್ರಿ ಹಾಳಿ. ಸತ್ತಾಂವನ ಸಾಕ್ಷಿಗೆ ಕರಸ್ರಿ.”

“ಬರ್ತಾನೇನು?”

“ಬರಲಿಲ್ಲಂದ್ರ ಎಂಟ ದಿನಕ್ಕ ಊರೂರು ಡಂಗುರ ಸಾರತೇನಿ. ಮತ್ತ ಒಬ್ಬಾಕಿನ್ನೂ ಕೋರ್ಟಿಗೆ ಕರಕೊಂಡ ಬರತೇನಿ.”

“ಯಾರನ್ನ?”

“ಭರಮವ್ವನ್ನ. ಅವನ ಹೇಣ್ತಿನ್ನ.”

ಭರಮವ್ವನನ್ನು ನಾನು ಎರಡು ಸಲ ನೋಡಿದ್ದೆ. ಗಂಡ ಹೋದ ಮೇಲೆ ತವರಿಗೆ ಹೋಗದೆ ನಾದಿನಿಯ ಜೊತೆಗೇ ಉಳಿದವಳು. ಮಾತು ಕಡಿಮೆ. ಬೋಳು ಹಣೆ, ಬೋಳು ಕೈ. ಅಡಿವೆವ್ವನ ತಂದೆ ಬುದ್ಧನ ದೀಕ್ಷೆ ತೆಗೆದುಕೊಂಡವನಾಗಿದ್ದ. ಬಳೆ ಒಡೆಯಬ್ಯಾಡ್ರಿ ಅಂತ ಅವನು ಕೈ ಅಡ್ಡ ಹಿಡಿದರೂ ಓಣಿಯ ಹೆಂಗಸರು ಬಿಟ್ಟಿರಲಿಲ್ಲವಂತೆ.

“ಅವತ್ತ ಕಲ್ಲಿಗೆ ಕೈ ಇಟ್ಟು ಆಕಿ ಬಳಿ ಒಡದ್ರು. ಚೂರು ಆರಿಸಿದಾಕಿ ನಾನು,” ಅಂದಳು ಅಡಿವೆವ್ವ. “ಗಂಡ ಜೀವಂತ ಅದಾನಂದ ಮ್ಯಾಲ ಆಕಿ ಯಾಕ ಬೋಳಗೈಲೆ ಕುಂದರಬೇಕ್ರಿ? ಕೈತುಂಬ ಹಸರ ಬಳಿ ಇಡಿಸಿ ಸೋಮವಾರ ಆಕಿನ್ನ ಮುಂದಿನ ಸಾಲಿನ್ಯಾಗ ಕುಂದರಸ್ತೇನಿ. ಬಂದು ಆಕಿ ಮಾರಿ ನೋಡಿಕೋತ ಸಾಕ್ಷಿ ಹೇಳಲಿ.”

ಕಾನೂನಿನ ಪುಸ್ತಕದಲ್ಲಿ ಇಂಥ ವಾದ ಇಲ್ಲ. ಇದ್ದಿದ್ದರೆ ನಾನು ಇನ್ನೂ ಮನಸ್ಸಿಟ್ಟು ಓದುತ್ತಿದ್ದೆ. “ನಡಿ,” ಅಂದೆ.

ಬಜಾರಿನ ಮೂಲೆಯಲ್ಲಿ ನೂರಜಹಾನಳ ಬಳೆ ಅಂಗಡಿ. ಸುತ್ತಿನ ಹತ್ತು ಹಳ್ಳಿಯ ಹೆಂಗಸರ ಕೈಯ ಅಳತೆ ಅವಳ ಬೆರಳಿಗೆ ಗೊತ್ತು. ಅಡಿವೆವ್ವನನ್ನು ಕಂಡದ್ದೇ ಚಾಪೆ ಝಾಡಿಸಿ ಹಾಸಿದಳು.

“ಬರ್ರಿ, ಬರ್ರಿ, ಹಾಡಿನ ಅಕ್ಕಾರ! ಕೋರ್ಟಿಂದು ಏನಾತ್ರಿ?”

“ಆಗತೈತಿ. ಹಸರ ಬಳಿ ತೋರಸ್ರಿ, ಒಂದ ಡಜನ್.”

“ನಿಮಗೇನ್ರಿ?”

“ನನಗಲ್ಲ. ನಮ್ಮ ವೈನಿ ಭರಮವ್ವಗ.”

ಬಳೆಯ ಗೊಂಚಲಿಗೆ ಹೋದ ನೂರಜಹಾನಳ ಕೈ ಅಲ್ಲೇ ನಿಂತಿತು. ನನ್ನನ್ನು ನೋಡಿದಳು, ಅಡಿವೆವ್ವನನ್ನು ನೋಡಿದಳು. ಏನು ಹೇಳಬೇಕೋ ತಿಳಿಯದೆ ನಕ್ಕಳು.

“ಅವರಿಗೇನ್ರಿ? ಶ್ರಾವಣದಾಗ ನಿಮ್ಮ ವೈನಿನ ಬಂದು ಒಂದ ಡಜನ್ ಹಸರ ಬಳಿ ಒಯ್ದ್ರಲ್ರಿ. ನಾದಿನಿಗೆ ಬೇಕು ಅಂದ್ರು. ನಿಮಗ ಅಂತನ ಕೊಟ್ಟೆ ನಾ.”

“ನನಗ?” ಎಂದಳು ಅಡಿವೆವ್ವ.

“ಹೂಂನ್ರಿ. ನಾದಿನಿ ಕೈ ಅಳತಿ ಹೇಳ್ರಿ ಅಂದೆ. ತಮ್ಮ ಕೈನ ಮುಂದ ಮಾಡಿದ್ರು. ಇಬ್ಬರದೂ ಒಂದ ಅಳತಿ ಅಂದ್ರು.”

ನೂರಜಹಾನ ಅದೇ ಅಳತೆಯ ಒಂದು ಬಳೆ ತೆಗೆದು, ಅಡಿವೆವ್ವನ ಕೈ ಹಿಡಿದು ಏರಿಸಲು ನೋಡಿದಳು. ಕಳೆ ಕಿತ್ತು, ಕಟ್ಟಿಗೆ ಒಡೆದು ಅಗಲವಾದ ಕೈ ಅದು. ಬಳೆ ಬೆರಳಿನ ಗೆಣ್ಣನ್ನೇ ದಾಟಲಿಲ್ಲ.

ಅಡಿವೆವ್ವ ಆ ಬಳೆಯನ್ನು ಬಿಡಿಸಿಕೊಂಡು ಬೆಳಕಿಗೆ ಹಿಡಿದಳು.

“ಟ್ರಂಕಿನ್ಯಾಗಿನ ಟೇಪ ಹೋದ ದಾರಿ ಈಗ ತಿಳೀತ್ರಿ. ನಾ ಮನ್ಯಾಗಿಲ್ಲದಾಗ ಆಕಿ ಇವನ್ನ ಯಾರ ಮುಂದ ಹಾಕ್ಕೊಂಡ ಕುಂದರತಾಳ್ರಿ ಬಾಯಾರ?”

ದುಂಡಸಿಯ ಬಸ್ಸು ಸ್ಟ್ಯಾಂಡಿನಲ್ಲಿ ಹಾರ್ನ್ ಹೊಡೆಯುತ್ತಿತ್ತು.

“ಅದ ಅಳತೀದು ಕಟ್ಟ್ರಿ,” ಅಂದಳು ಅಡಿವೆವ್ವ ನೂರಜಹಾನಳಿಗೆ. “ಇವತ್ತ ನಾನ ಇಡಸ್ತೇನಿ ಆಕಿಗೆ. ಗಂಡ ಹೇಣ್ತಿ ಇಬ್ಬರೂ ಕುಂತಿರಲಿ, ಅವನ ಮುಂದನ ಇಡಸ್ತೇನಿ.”